ದಾರ ಎಳೆದ ಹೊತ್ತು

ಕಬ್ಬಿಣ ತನ್ನ ಬಣ್ಣಕ್ಕೆ ಬಂದು ಬಹಳ ಹೊತ್ತಾಗಿತ್ತು. ಆದರೂ ಅವಳು ಹಲ್ಲುಜ್ಜುವ ಹಳೇ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅದ್ದಿ ಬೇರೆ ಯಾವುದೋ ಗಿರಾಕಿಯ ಅದೇ ಫ್ರೀವೀಲನ್ನು ಉಜ್ಜುತ್ತಲೇ ಇದ್ದಳು. ಹಲ್ಲಿನ ಸಂದಿಯಲ್ಲಿ ಕೂತಿದ್ದ ಎಷ್ಟೋ ವರ್ಷದ ಮಣ್ಣು, ಗಟ್ಟಿಯಾದ ಎಣ್ಣೆ, ಯಾವುದೋ ದಾರಿಯ ಧೂಳು ಎಲ್ಲ ತಟ್ಟೆಯ ತಳಕ್ಕೆ ಇಳಿದು, ಮುಖದ ಮೇಲೆ ಕೊರೆದಿದ್ದ ಕಾರ್ಖಾನೆಯ ಅಕ್ಷರಗಳು ಓದಲು ಬರುವಷ್ಟು ಮೂಡಿದ್ದವು. ಕೈ ನಿಂತರೆ ಕಣ್ಣು ತನ್ನಷ್ಟಕ್ಕೆ ನೆಲದ ಕಡೆ ಹೋಗುತ್ತದೆ. ಮೇಜಿನ ಎಡಗಾಲಿನ ಹತ್ತಿರ, ನಿನ್ನೆ ಸಂಜೆ ಆ ಸ್ಪ್ರಿಂಗು ಬಿದ್ದ ಜಾಗಕ್ಕೆ. ಅಲ್ಲಿ ಈಗ ಏನೂ ಇಲ್ಲ. ಎಲ್ಲರೂ ಹೋದ ಮೇಲೆ ಕಸ ಗುಡಿಸುವ ನೆಪದಲ್ಲಿ ಅವಳೇ ಅದನ್ನು ಎತ್ತಿ ವೇಲಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಗಂಟು ಕಡಲೆಕಾಳಿನಷ್ಟೂ ಇರಲಿಲ್ಲ. ಆದರೆ ಬೆಳಗಿನಿಂದ ಬಗ್ಗಿದಾಗಲೆಲ್ಲ ಕತ್ತಿನ ಆ ಕಡೆ ಯಾರೋ ಹಿಡಿದು ಜಗ್ಗಿದ ಹಾಗಾಗುತ್ತಿತ್ತು.

ಸೈಕಲ್ಲಿನ ಹಿಂದಿನ ಚಕ್ರದ ನಡುವೆ ಕೂರುವ ಫ್ರೀವೀಲಿನ ಹೊಟ್ಟೆಯಲ್ಲಿ ಎರಡು ನಾಲಿಗೆಗಳಿರುತ್ತವೆ. ಹೆಸರುಕಾಳಿಗಿಂತ ತುಸು ದೊಡ್ಡ ಉಕ್ಕಿನ ತುಂಡುಗಳು. ಅಪ್ಪ ಅವನ್ನು ನಾಲಿಗೆ ಅಂತಲೇ ಕರೆಯುವುದು. ತುಳಿದಾಗ ಅವು ಹೊರಚಾಚಿ ಒಳಹಲ್ಲಿಗೆ ಕಚ್ಚಿಕೊಳ್ಳುತ್ತವೆ, ಚಕ್ರ ಓಡುತ್ತದೆ. ತುಳಿಯುವುದು ಬಿಟ್ಟಾಗ ಹಲ್ಲಿನ ಮೇಲೆ ಜಾರುತ್ತ ಟಿಕ್ ಟಿಕ್ ಎನ್ನುತ್ತವೆ. ಒಂದೊಂದು ನಾಲಿಗೆಯ ಬೆನ್ನಿಗೂ ಒಂದೊಂದು ಸ್ಪ್ರಿಂಗು, ಹುಬ್ಬಿನ ಕೂದಲಿನಷ್ಟು. ಅದು ಇಲ್ಲದಿದ್ದರೆ ನಾಲಿಗೆ ಹೊರಗೆ ಬರುವುದಿಲ್ಲ, ಮೂಕವಾಗಿ ಒಳಗೇ ಮಲಗಿರುತ್ತದೆ. ಆಗ ಭಾರವೆಲ್ಲ ಇನ್ನೊಂದರ ಮೇಲೆ. ಸಮ ರಸ್ತೆಯಲ್ಲಿ ಏನೂ ತಿಳಿಯುವುದಿಲ್ಲ. ಏರಿನಲ್ಲಿ, ಸೀಟಿನಿಂದ ಎದ್ದು ಮೈಯ ಭಾರವನ್ನೆಲ್ಲ ಪೆಡಲಿನ ಮೇಲೆ ಬಿಟ್ಟಾಗ, ಆ ಒಂಟಿ ನಾಲಿಗೆ ಜಾರಿತೆಂದರೆ ತುಳಿದ ಕಾಲು ಗಾಳಿಗೆ ಬೀಳುತ್ತದೆ. ಎದೆ ಹ್ಯಾಂಡಲಿಗೆ, ಹಲ್ಲು ರಸ್ತೆಗೆ. ಅದರಲ್ಲೂ ನಿನ್ನೆಯ ಫ್ರೀವೀಲಿನಲ್ಲಿ ಉಳಿದದ್ದು ತುದಿ ಸವೆದ ನಾಲಿಗೆ. ಸಾಣೆಕಲ್ಲಿಗೆ ಹಿಡಿದು ಅದರ ಅಂಚು ಕೂರಿಸಿದವಳು ಅವಳೇ. ಜೊತೆಗೆ ಇನ್ನೊಂದು ದುಡಿಯುವಂತಿದ್ದರೆ ಅದು ಇನ್ನೂ ಹತ್ತು ವರ್ಷ ಬಾಳುತ್ತಿತ್ತು.

"ಏನೇ, ಅದನ್ನ ಸವೆಸಿ ಸವೆಸಿ ಸೂಜಿ ಮಾಡ್ತೀಯೇನೇ?" ಒಳಬಾಗಿಲಲ್ಲಿ ಅಮ್ಮ ನಿಂತಿದ್ದಳು, ಕೈಯಲ್ಲಿ ಒದ್ದೆ ಬಟ್ಟೆ. "ಕರೆದು ಕರೆದು ನನ್ನ ಗಂಟಲು ಹರೀತು. ನಿಮ್ಮಪ್ಪನ ಮಾತ್ರೆ ಇವತ್ತಿಗೆ ಮುಗೀತು. ಮಧ್ಯಾಹ್ನದೊಳಗೆ ಹೋಗಿ ತಗೊಂಡು ಬಾ."

ಮಾತ್ರೆ ಎಂದರೆ ಔಷಧಿ ಅಂಗಡಿ. ಔಷಧಿ ಅಂಗಡಿ ಎಂದರೆ ಅವರು, ನಿನ್ನೆಯ ಫ್ರೀವೀಲಿನ ಒಡೆಯರು. ಅವಳ ಕೈಯಲ್ಲಿದ್ದ ಬ್ರಷ್ಷು ತಟ್ಟೆಗೆ ಬಿತ್ತು. ಸೀಮೆಎಣ್ಣೆ ಚಿಮ್ಮಿ ಕಣ್ಣಿನ ಕೆಳಗೆ ತಣ್ಣಗೆ ಅಂಟಿತು. ಹೋಗು ಎಂದು ಯಾರಾದರೂ ಹೇಳಲಿ ಎಂದು ಬೆಳಗಿನಿಂದ ಕಾಯುತ್ತಿದ್ದವಳು ಈಗ, ಹೇಳಿದ ಮೇಲೆ, ತಟ್ಟೆಯಿಂದ ಮತ್ತೆ ಬ್ರಷ್ಷನ್ನೇ ಎತ್ತಿಕೊಂಡಳು. ಏಳನೇ ತರಗತಿಯಲ್ಲಿ ಹೀಗೇ ಆಗುತ್ತಿತ್ತು. ಉತ್ತರ ಗೊತ್ತಿರುತ್ತಿತ್ತು, ಬೇರೆ ಯಾರಿಗೂ ಗೊತ್ತಿಲ್ಲದಾಗಲೂ ಗೊತ್ತಿರುತ್ತಿತ್ತು. ಹೆಸರು ಹಿಡಿದು ಎಬ್ಬಿಸಿದರೆ ಮಾತ್ರ ನಾಲಿಗೆ ಅಂಗುಳಕ್ಕೆ ಅಂಟಿ, ಇಡೀ ಕೋಣೆ ನಗುವವರೆಗೆ ನಿಂತಿರುತ್ತಿದ್ದಳು. ಕೂರು ಎಂದ ಮೇಲೂ ನಿಂತಿರುತ್ತಿದ್ದಳು. ಒಂದು ದಿನ ಚೀಲ ತೆಗೆದುಕೊಂಡು ಶಾಲೆಗೆಂದು ಹೊರಟವಳು ಅಪ್ಪನ ಅಂಗಡಿಯ ಹಿಂದಿನ ಬಾಗಿಲಲ್ಲಿ ಬಂದು ಕೂತಳು. ಅಪ್ಪ ಏನೂ ಕೇಳದೆ ಒಂದು ತಟ್ಟೆ ಉಕ್ಕಿನ ಗುಂಡುಗಳನ್ನು ಮುಂದಿಟ್ಟು, ಗೀರು ಬಿದ್ದದ್ದನ್ನೆಲ್ಲ ಬೇರೆ ಮಾಡು ಅಂದ. ಅಷ್ಟೇ. ಅಂದಿನಿಂದ ಈವರೆಗೆ ಅವಳ ಕಣ್ಣಿನ ಬಗ್ಗೆ ಯಾರೂ ತಪ್ಪು ಹೇಳಿಲ್ಲ. ಕಣ್ಣು ನೋಡುತ್ತದೆ, ಬಾಯಿಗೆ ಬೀಗ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೇ ಉಳಿದದ್ದು ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳುವುದಿಲ್ಲ.

ಅಪ್ಪ ಎಂದಿನಂತೆ ಮುಂದಿನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದ. ಬೀದಿಯಲ್ಲಿ ಹೋಗುವವರು ತಲೆಬಾಗಿ, ಮೇಸ್ತ್ರಿಗಳೇ, ಎನ್ನುತ್ತಿದ್ದರು. ಹೊಸ ಸೈಕಲ್ಲುಗಳನ್ನು ಅಪ್ಪ ಮುಟ್ಟುವುದಿಲ್ಲ. ಅಟ್ಟದ ಮೇಲೆ ತುಕ್ಕು ಹಿಡಿದು ಬಿದ್ದಿದ್ದ ಅಜ್ಜಂದಿರ ಸೈಕಲ್ಲುಗಳನ್ನು ಇಳಿಸಿ ಒರೆಸುವ ಹುಚ್ಚು ಜನರಿಗೆ ಹತ್ತಿದ ಮೇಲೆ, ದೂರದೂರದಿಂದ ಹಳೇ ಫ್ರೀವೀಲುಗಳು ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತವೆ. ಎಲ್ಲೂ ಸಿಗದ ಅಳತೆಯವು, ಮುಚ್ಚಳ ಜಾಮಾದವು, ಒಳಗಿನ ಗುಂಡು ಪುಡಿಯಾದವು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಪ್ಪನ ಬಲಗೈ ಅವನ ಮಾತು ಕೇಳದಾಯಿತು. ಮೂರು ತಿಂಗಳಲ್ಲಿ ಕೈ ಎದ್ದಿತು, ಹಿಡಿಯಿತು, ತಿರುಗಿಸಿತು. ಬೆರಳ ತುದಿಗಳಿಗೆ ಮಾತ್ರ ಜೀವ ಬರಲಿಲ್ಲ. ಇದನ್ನು ಅಪ್ಪ ಯಾರಿಗೂ ಹೇಳಲಿಲ್ಲ. ಅವಳಿಗೂ ಹೇಳಲಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ ಅವನು ಉಕ್ಕಿನ ಗುಂಡೊಂದನ್ನು ಹಿಡಿದುಕೊಂಡಿದ್ದೇನೆಂದು ತಿಳಿದು ಬರೀ ಬೆರಳುಗಳನ್ನು ತುಂಬ ಹೊತ್ತು ಜೋಡಿಸಿಕೊಂಡು ಕೂತಿದ್ದನ್ನು ಅವಳು ನೋಡಿದಳು. ಗುಂಡು ಆಗಲೇ ನೆಲಕ್ಕೆ ಉರುಳಿತ್ತು. ಆ ದಿನದಿಂದ ಬಿಚ್ಚುವುದು, ತೊಳೆಯುವುದು, ಸಾಣೆ ಹಿಡಿಯುವುದು, ಗುಂಡುಗಳನ್ನು ಗ್ರೀಸಿನಲ್ಲಿ ಒಂದೊಂದಾಗಿ ಕೂರಿಸುವುದು, ಕಾಗದದಷ್ಟು ತೆಳುವಾದ ವಾಷರುಗಳನ್ನು ತೂಗಿ ನೋಡಿ ಹಾಕುವುದು, ಎಲ್ಲ ಒಳಕೋಣೆಗೆ, ಅವಳ ಮೇಜಿಗೆ, ಹೇಳದೆ ಕೇಳದೆ ಸರಿದುಬಂತು.

ಕೊನೆಯ ಕೆಲಸ ಮಾತ್ರ ಅಪ್ಪನದೇ. ನಾಲಿಗೆಗಳನ್ನು ಒಳಕ್ಕೆ ಒತ್ತಿ, ಸುತ್ತಲೂ ಹೊಲಿಗೆಯ ದಾರ ಸುತ್ತಿ, ಹೊರಗಿನ ಬಳೆಯೊಳಗೆ ಇಳಿಸಬೇಕು. ಅರ್ಧ ಇಳಿದಾಗ ದಾರದ ತುದಿ ಹಿಡಿದು ಮೆಲ್ಲಗೆ ಎಳೆದರೆ ನಾಲಿಗೆಗಳು ಬಿಡುಗಡೆಯಾಗಿ ಚಟ್ ಎಂದು ಹಲ್ಲಿಗೆ ಕೂರುತ್ತವೆ. ಆಮೇಲೆ ಮುಚ್ಚಳ. ಅದರ ಥ್ರೆಡ್ಡು ಉಲ್ಟಾ. ಲೋಕವೆಲ್ಲ ಬಿಗಿ ಮಾಡುವ ಕಡೆಗೆ ತಿರುಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ. ದಾರ ಎಳೆದು ಮುಚ್ಚಳ ಹಾಕುವುದನ್ನು ಅಪ್ಪ ಮೊದಲಿನಿಂದಲೂ ಸೈಕಲ್ಲಿನ ಒಡೆಯನನ್ನು ಎದುರಿಗೆ ನಿಲ್ಲಿಸಿಕೊಂಡೇ ಮಾಡುತ್ತಿದ್ದ. ಮಂತ್ರವಾದಿ ಟೋಪಿಯಿಂದ ಪಾರಿವಾಳ ತೆಗೆದ ಹಾಗೆ ದಾರ ಎಳೆದು, ಚಕ್ರಕ್ಕೆ ಕೂರಿಸಿ ತಿರುಗಿಸಿ, ಕಿವಿ ಕೊಟ್ಟು ಕೇಳಿ ಅನ್ನುತ್ತಿದ್ದ. ಕೈ ಸೋತ ಮೇಲೂ ಅದನ್ನು ಬಿಡಲಿಲ್ಲ. ಆದರೆ ಒಂದು ಹೊಸ ಮಾತು ಸೇರಿಸಿದ: ಎಣ್ಣೆ ಒಂದು ರಾತ್ರಿ ಕುಡೀಬೇಕು, ನಾಳೆ ಬಂದು ತಗೊಂಡ್ಹೋಗಿ. ಬೆಳಿಗ್ಗೆ ಅಪ್ಪ ಏಳುವ ಮೊದಲು ಅವಳು ಮುಚ್ಚಳ ಬಿಚ್ಚಿ ನೋಡುತ್ತಿದ್ದಳು. ಮೂರರಲ್ಲಿ ಒಂದಕ್ಕಾದರೂ ಏನಾದರೂ ಆಗಿರುತ್ತಿತ್ತು. ಗುಂಡೊಂದು ಹೊರಗೆ ನುಸುಳಿರುತ್ತಿತ್ತು, ದಾರದ ಎಳೆ ಒಳಗೇ ಹರಿದು ಉಳಿದಿರುತ್ತಿತ್ತು. ಸರಿ ಮಾಡಿ, ಹಾಗೇ ಮುಚ್ಚಿ, ಅದೇ ಜಾಗದಲ್ಲಿ ಅದೇ ಕಡೆಗೆ ಮುಖ ಮಾಡಿ ಇಟ್ಟು, ಏನೂ ಅರಿಯದವಳಂತೆ ನೀರು ಕಾಯಿಸಲು ಹೋಗುತ್ತಿದ್ದಳು. ಎರಡು ವರ್ಷ ಮನೆಯಲ್ಲಿ ಈ ಬಗ್ಗೆ ಒಂದು ಶಬ್ದ ಹುಟ್ಟಲಿಲ್ಲ.

ನಿನ್ನೆ ಸಂಜೆ ಔಷಧಿ ಅಂಗಡಿಯವರು ಬಂದಾಗ ಪಕ್ಕದ ಗಡಿಯಾರ ರಿಪೇರಿಯವನೂ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ಹಾಗೇ ಇಟ್ಟುಕೊಂಡು ಬಂದು ನಿಂತಿದ್ದ. ಔಷಧಿ ಅಂಗಡಿಯವರದು ಆನೆಯಂಥ ಮೈ, ಬಾಯಿ ತೆರೆದರೆ ನಗೆ. ಅವರಪ್ಪ ಓಡಿಸುತ್ತಿದ್ದ ಸೈಕಲ್ಲು; ಇಪ್ಪತ್ತು ವರ್ಷ ಗೋದಾಮಿನ ಗೋಡೆಗೆ ಒರಗಿತ್ತಂತೆ. ನಾಳೆ ಭಾನುವಾರ, ಸಂಜೆ ಐದಕ್ಕೆ ಮಗಳನ್ನು ಹಿಂದೆ ಕೂರಿಸಿಕೊಂಡು ನೀರಿನ ಟ್ಯಾಂಕಿನ ಗುಡ್ಡ ಹತ್ತುತ್ತೇನೆ, ನಮ್ಮಪ್ಪ ನನ್ನನ್ನ ಹಾಗೇ ಕರ್ಕೊಂಡು ಹೋಗ್ತಿದ್ದ, ಎಂದು ಎರಡೆರಡು ಸಲ ಹೇಳಿದರು. ಅವಳು ಜೋಡಿಸಿಟ್ಟ ತಟ್ಟೆಯನ್ನು ಅಪ್ಪನ ಮುಂದೆ ತಂದಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಗೋಡೆಯ ಬಣ್ಣದವಳಾಗಿ ನಿಂತಳು.

"ಮಗಳಿಗೂ ಕೆಲಸ ಕಲಿಸಿದ್ದೀರಾ ಮೇಸ್ತ್ರಿಗಳೇ?" ಅಂದರು ಅವರು, ಸುಮ್ಮನೆ ಒಂದು ಮಾತಿಗೆ.

"ಅವಳಾ?" ಅಪ್ಪ ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. "ಎಣ್ಣೆ ಒರೆಸ್ತಾಳೆ."

ಗಡಿಯಾರದವನು ಮೊದಲು ನಕ್ಕ. "ಒರೆಸೋಕೂ ಒಬ್ಬರು ಬೇಕಲ್ಲ ಬಿಡಿ, ನನಗೆ ಅದೂ ಗತಿ ಇಲ್ಲ." ಔಷಧಿ ಅಂಗಡಿಯವರೂ ನಕ್ಕರು, ಅಪ್ಪನೂ ನಕ್ಕ. ನಗುತ್ತಲೇ ದಾರ ಎಳೆದ. ಎಂದಿಗಿಂತ ತುಸು ಜೋರಾಗಿ, ತುಸು ಬೇಗ. ದಾರದ ಕೊನೆಯ ಗೇಣು ಹೊರಗೆ ಬರುವಾಗ ಅದರ ಗ್ರೀಸಿಗೆ ಅಂಟಿಕೊಂಡು ಒಂದು ಹೊಳಪು ಬಂತು. ಗಾಳಿಯಲ್ಲಿ ಅರೆಕ್ಷಣ ತೂಗಾಡಿ ಮೇಜಿನ ಕಾಲಿನ ಹತ್ತಿರ ಬಿತ್ತು. ಸದ್ದಿಲ್ಲ. ಅಪ್ಪನ ಬೆರಳಿಗೆ ತಿಳಿಯಲಿಲ್ಲ, ನಗುವವರ ಕಣ್ಣಿಗೆ ಕಾಣಲಿಲ್ಲ. ಅವಳು ನೋಡಿದಳು. ನೋಡಿದ ಆ ಕ್ಷಣ ಗಂಟಲಿನಲ್ಲಿ ಏನೋ ಇಳಿದದ್ದು ಅವಳಿಗೆ ಈಗಲೂ ನೆನಪಿದೆ. ಭಯ ಆಮೇಲೆ ಬಂತು, ಎಷ್ಟೋ ಆಮೇಲೆ. ಮೊದಲು ಇಳಿದದ್ದು ಸಿಹಿ. ಯಾರಿಗೂ ತೋರಿಸದೆ ಬಾಯಲ್ಲಿಟ್ಟುಕೊಂಡ ಸಕ್ಕರೆಯ ಹರಳಿನಂತೆ.

ಮುಚ್ಚಳ ಬಿಗಿಯಾಯಿತು. ಚಕ್ರ ತಿರುಗಿತು. ಟಿಕ್ ಟಿಕ್ ಎಂಬ ಸದ್ದು ಎಂದಿಗಿಂತ ತೆಳ್ಳಗಿತ್ತು. ಅಪ್ಪ ಕಿವಿ ಹತ್ತಿರ ತಂದವನು ತಲೆ ಎತ್ತಿ ಅವಳ ಕಡೆ ಒಮ್ಮೆ ನೋಡಿದ. ಅವಳು ಕಾಲಬೆರಳು ನೋಡಿಕೊಂಡಳು. ನಾಳೆ ಬೆಳಿಗ್ಗೆ ಬಿಚ್ಚಿದರಾಯಿತು, ಎಂದುಕೊಂಡಳು. ಅಲ್ಲಿಯವರೆಗೆ ಈ ಸಕ್ಕರೆ ತನ್ನದು.

"ಎಣ್ಣೆ ಒಂದು ರಾತ್ರಿ ಕುಡೀಬೇಕು," ಅಂದ ಅಪ್ಪ.

"ಕುಡಿಯೋದಾದ್ರೆ ನಮ್ಮನೇಲೇ ಕುಡೀಲಿ ಬಿಡಿ ಮೇಸ್ತ್ರಿಗಳೇ, ಬೀದಿಗೆ ಬಂದು ಗಲಾಟೆ ಮಾಡದ ಹಾಗೆ ನಾನು ನೋಡ್ಕೋತೀನಿ," ಎಂದು ಅವರು ಚಕ್ರ ಎತ್ತಿಯೇಬಿಟ್ಟರು. ಮತ್ತೆ ಎಲ್ಲರೂ ನಕ್ಕರು. ಅಪ್ಪನ ನಗು ಈ ಸಲ ತುಟಿಯವರೆಗೆ ಬಂದು ನಿಂತಿತು. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಬಾಯಿ ತೆರೆಯಿತು ಕೂಡ. ಏಳನೇ ತರಗತಿಯ ಬೆಂಚುಗಳೆಲ್ಲ ತಿರುಗಿ ಅವಳನ್ನೇ ನೋಡಿದವು.

ಇವತ್ತು ಅವಳು ಔಷಧಿ ಅಂಗಡಿ ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ದಾರಿಯುದ್ದಕ್ಕೂ ಅವಳು ವಾಕ್ಯವನ್ನು ಜೋಡಿಸಿ ಜೋಡಿಸಿ ನೋಡಿದ್ದಳು. ಒಂದು ಶಬ್ದ ಹೊರಗೆ ಉಳಿದರೂ ಮುಚ್ಚಳ ಕೂರುವುದಿಲ್ಲ. ಸೈಕಲ್ಲು ಅಂಗಡಿಯ ಮುಂದೆಯೇ ನಿಂತಿತ್ತು, ಹೊಸ ಕಪ್ಪು ಬಣ್ಣದಲ್ಲಿ ಮಿಂದು. ಅಂದರೆ ಅವರು ಇಲ್ಲಿಯವರೆಗೆ ಅದರಲ್ಲೇ ಬಂದಿದ್ದಾರೆ, ಸಮ ರಸ್ತೆಯಲ್ಲಿ.

"ಏನಮ್ಮ ಮೇಸ್ತ್ರಿ ಮಗಳು! ಮಾತ್ರೆ ಮುಗೀತಾ?" ಚೀಟಿ ನೋಡದೆಯೇ ಅವರು ಗೂಡಿಗೆ ಕೈ ಹಾಕಿದರು. "ನಿಮ್ಮಪ್ಪನ ಕೈ ಅಂದ್ರೆ ಕೈ ನೋಡು. ಬೆಣ್ಣೆ! ಬೆಳಿಗ್ಗೆ ಬರುವಾಗ ಅರ್ಧ ಬೀದಿ ಪೆಡಲೇ ತುಳೀಲಿಲ್ಲ."

"ಸಾರ್."

"ಹೇಳಮ್ಮ."

ಹಿಂದೆ ಇಬ್ಬರು ಗಂಡಸರು, ಮಗುವನ್ನು ಎತ್ತಿಕೊಂಡ ಒಬ್ಬ ಹೆಂಗಸು. ಅವರೆಲ್ಲರ ಕಣ್ಣು ಅವಳ ಬೆನ್ನಿನ ಮೇಲೆ. "ಆ ಫ್ರೀವೀಲು... ಒಂದು ದಿನ ಕೊಡಿ ಸಾರ್. ಸರಿಯಾಗಿಲ್ಲ."

"ಸರಿಯಾಗಿಲ್ವಾ? ಯಾರು ಹೇಳಿದ್ದು, ಅಪ್ಪನಾ?"

ಅಪ್ಪ ಎಂದರೆ ಅಲ್ಲಿಗೆ ಎಲ್ಲ ಮುಗಿಯಿತು. ಅಪ್ಪನ ಕುರ್ಚಿ, ಮೇಸ್ತ್ರಿಗಳೇ ಎಂಬ ಮಾತು, ದೂರದೂರದ ರಟ್ಟಿನ ಪೆಟ್ಟಿಗೆಗಳು. "ಅಪ್ಪ ಅಲ್ಲ. ನಾನು. ನಂದೇ ತಪ್ಪು. ಒಳಗಿನ ಕೆಲಸ ನಾನು ಮಾಡಿದ್ದು, ಒಂದು ಸ್ಪ್ರಿಂಗ್ ಬಿಟ್ಟುಬಿಟ್ಟಿದ್ದೀನಿ."

ಅವರ ಮುಖ ಒಂದು ಕ್ಷಣ ಗಂಭೀರವಾಯಿತು. ಅವಳ ಎದೆ ಹಗುರಾಗತೊಡಗಿತು. ಆಮೇಲೆ ಆ ದೊಡ್ಡ ಮುಖದ ತುಂಬ ಕನಿಕರದಂಥ ನಗು ಹರಡಿತು. "ಅಯ್ಯೋ ತಾಯಿ, ನಿನಗೆ ಇದೇ ಚಿಂತೇನಾ? ದಾರ ಎಳೆದದ್ದು, ಮುಚ್ಚಿದ್ದು ಎಲ್ಲ ನಿಮ್ಮಪ್ಪ. ನನ್ನ ಕಣ್ಣೆದುರಿಗೇ ಮುಚ್ಚಿದ್ದು. ನೀನೇನಾದ್ರೂ ಬಿಟ್ಟಿದ್ರೆ ಆ ಕೈ ಬಿಡುತ್ತಾ? ಎಣ್ಣೆ ಒರೆಸೋವಾಗ ಸರಿಯಾಗಿ ಒರೆಸು, ಸಾಕು." ಹಿಂದಿನವರು ನಕ್ಕರು, ಹೆಂಗಸಿನ ತೋಳಿನಲ್ಲಿದ್ದ ಮಗು ಕೂಡ, ಯಾಕೆಂದು ತಿಳಿಯದೆ. ಅವಳು ಮಾತ್ರೆಯ ಪೊಟ್ಟಣ ತೆಗೆದುಕೊಂಡು, "ಸಂಜೆ ಏರು ಹತ್ತಬೇಡಿ ಸಾರ್," ಅಂದಳು. ಅದು ಅವಳ ಕಿವಿಗೇ ಸರಿಯಾಗಿ ಕೇಳಲಿಲ್ಲ. "ಮುಂದಿನವರು ಬನ್ನಿ," ಅಂದರು ಅವರು.

ಮನೆಯಲ್ಲಿ ಅಪ್ಪ ಊಟಕ್ಕೆ ಕೂತಿದ್ದ. ಆಗ ತಾನೇ ಒಲೆಯಿಂದ ಇಳಿಸಿದ ಪಾತ್ರೆಯ ಅಂಚಿಗೆ ಅವನ ಬಲಗೈಯ ಮೂರು ಬೆರಳುಗಳು ತಗುಲಿಕೊಂಡಿದ್ದವು. ಅವನು ಅಮ್ಮನೊಂದಿಗೆ ಏನೋ ಮಾತಾಡುತ್ತಿದ್ದ. ಮಗಳು ಬಂದು ಪಾತ್ರೆಯನ್ನು ದೂರ ಸರಿಸಿದಳು. ಬೆರಳುಗಳು ಕೆಂಪಾಗಿದ್ದವು. ಅಪ್ಪ ಅವನ್ನು ಒಮ್ಮೆ ನೋಡಿ, ಬೇರೆಯವರ ವಸ್ತುವನ್ನು ಮುಚ್ಚಿಡುವ ಹಾಗೆ, ಎಡಗೈಯಿಂದ ಮುಚ್ಚಿಕೊಂಡ. ಅಮ್ಮ ನೀರು ತರಲು ಒಳಗೆ ಹೋದಳು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ.

"ಅಪ್ಪ, ನಿನ್ನೆಯ ಫ್ರೀವೀಲಿನಲ್ಲಿ ಒಂದು ಸ್ಪ್ರಿಂಗ್ ಇಲ್ಲ."

ಅಪ್ಪ ತುತ್ತನ್ನು ನಿಧಾನವಾಗಿ ಅಗಿದು ನುಂಗಿದ. "ಗೊತ್ತು," ಅಂದ.

ಅವಳಿಗೆ ಮೊದಲು ಅದು ಬೇರೆ ಯಾವುದೋ ಮಾತಿನ ಉತ್ತರ ಅನ್ನಿಸಿತು.

"ತಿರುಗಿಸಿದಾಗಲೇ ಗೊತ್ತಾಯ್ತು. ಅದು ಎರಡು ನಾಲಿಗೆಯ ಸದ್ದಾ? ಬೆರಳು ಹೋಗಿದೆ, ಕಿವಿ ಹೋಗಿಲ್ಲ."

"ಮತ್ತೆ?"

"ಮತ್ತೇನು? ಅಷ್ಟು ಜನರ ಮುಂದೆ ಬಿಚ್ಚಿ ತೋರಿಸ್ಲಾ? ಬೆಳಿಗ್ಗೆ ನೀನು ಬಿಚ್ತೀಯಲ್ಲ ಅಂದ್ಕೊಂಡೆ." ಅಪ್ಪ ತಟ್ಟೆಯನ್ನೇ ನೋಡುತ್ತಿದ್ದ. "ಎಣ್ಣೆ ಕುಡೀಬೇಕು ಅನ್ನೋ ಕತೆ ನಾನು ಯಾತಕ್ಕೆ ಕಟ್ಟಿದ್ದು ಅಂದ್ಕೊಂಡಿದ್ದೀ? ಆ ಮಹಾರಾಯ ಎತ್ಕೊಂಡು ಹೊರಟೇಬಿಟ್ಟ. ನೀನು ನೋಡಿದ್ದೀ ಅಂತ ನನಗೆ ಗೊತ್ತಿತ್ತು. ಹಿಂದೆಯೇ ಹೋಗಿ ಏನೋ ಒಂದು ಹೇಳಿ ತರ್ತೀಯ ಅಂತ ಕಾದೆ. ನೀನು ಕಸ ಗುಡಿಸಿದೆ."

ಕೋಣೆಯ ಗೋಡೆಗಳು ತುಸು ಹತ್ತಿರ ಬಂದ ಹಾಗಾಯಿತು. ಎರಡು ವರ್ಷದ ಬೆಳಗುಗಳು ಒಂದೊಂದಾಗಿ ಎದ್ದುಬಂದವು. ಕಾಲಸಪ್ಪಳವಾಗದಂತೆ ನಡೆದದ್ದು, ಕೀಲಿ ಸದ್ದಾಗದಂತೆ ತಿರುಗಿಸಿದ್ದು, ಅದೇ ಜಾಗ, ಅದೇ ಮುಖ. ಅಷ್ಟು ಹೊತ್ತೂ ಆ ಕಡೆಯ ಕೋಣೆಯಲ್ಲಿ ಅಪ್ಪ ಕಣ್ಣು ಮುಚ್ಚಿಕೊಂಡು ಎಚ್ಚರವಾಗಿ ಮಲಗಿದ್ದ, ಮಗಳು ತನ್ನ ತಪ್ಪನ್ನು ತಿದ್ದುವ ಸದ್ದು ಕೇಳುತ್ತ. ಗೊತ್ತಿದ್ದೂ ಎಣ್ಣೆ ಒರೆಸ್ತಾಳೆ ಅಂದಿದ್ದ. ಗೊತ್ತಿದ್ದದ್ದರಿಂದಲೇ ಅಂದಿದ್ದ.

"ನಂದೇ ತಪ್ಪು ಅಂತ ಹೇಳು. ಹೋಗು," ಅಂದ ಅಪ್ಪ.

"ಹೇಳಿದೆ. ನಂಬಲಿಲ್ಲ. ಮೇಸ್ತ್ರಿ ಮುಚ್ಚಿದ್ದು, ಹಾಗಾಗೋಕೆ ಸಾಧ್ಯ ಇಲ್ಲ ಅಂದ್ರು."

"ನಂಬಲಿಲ್ವಾ?" ಅಪ್ಪ ತಲೆ ಎತ್ತಿದ. ಬೇಡ ಬೇಡವೆಂದರೂ ಅವನ ಕಣ್ಣಿನಲ್ಲಿ ಏನೋ ಒಂದು ಹತ್ತಿಕೊಂಡಿತು, ಒಂದು ಗಳಿಗೆ. ಅದು ಖುಷಿ. ಅವನಿಗೂ ಅದು ತಿಳಿಯಿತು, ಅವಳು ನೋಡಿದ್ದೂ ತಿಳಿಯಿತು. ಅವನು ತಟ್ಟೆಯಲ್ಲೇ ಕೈ ತೊಳೆದುಕೊಂಡ. ಮಗಳ ಬಾಯಲ್ಲಿದ್ದ ಸಕ್ಕರೆಯೇ ಅಪ್ಪನ ಬಾಯಲ್ಲೂ ಇತ್ತು. ರಕ್ತ ಅಂದರೆ ಇದೇ ಇರಬೇಕು, ಎಂದುಕೊಂಡಳು.

"ನೀನು ಬಾ ಅಪ್ಪ. ನೀನು ಹೇಳಿದ್ರೆ ಕೇಳ್ತಾರೆ."

ಅಪ್ಪ ಎದ್ದು ಮುಂದಿನ ಬಾಗಿಲಿಗೆ ಹೋಗಿ ಕುರ್ಚಿಯಲ್ಲಿ ಕೂತ. ಬೀದಿಯಲ್ಲಿ ಯಾರೋ ತಲೆಬಾಗಿದರು. ಅವನು ಆ ಕೆಂಪು ಬೆರಳುಗಳನ್ನೇ ಎತ್ತಿ ಮರುವಂದನೆ ಮಾಡಿದ. ಅವಳು ಅವನ ಬೆನ್ನಿನ ಹಿಂದೆ ನಿಂತು ನೂರರವರೆಗೆ ಎಣಿಸಿದಳು. ಆಮೇಲೆ ಚಪ್ಪಲಿ ಮೆಟ್ಟಿ ಅವನ ಪಕ್ಕದಿಂದಲೇ ಇಳಿದು ಹೋದಳು. "ಹುಷಾರು," ಅಂದ ಅಪ್ಪ. ಯಾರಿಗೆ ಅಂದನೋ.

ಗುಡ್ಡದ ರಸ್ತೆ ಶುರುವಾಗುವಲ್ಲಿ ಒಂದು ಕಡೆ ಬಂಡೆ ಕಡಿದ ಗೋಡೆ, ಇನ್ನೊಂದು ಕಡೆ ಆಳದ ಮೋರಿ. ಮರಳಿನ ಲಾರಿಗಳು ಆ ತಿರುವಿನಲ್ಲಿ ಹಾರ್ನು ಮಾಡುತ್ತಲೇ ಇಳಿಯುತ್ತವೆ. ನಾಲ್ಕು ಗಂಟೆಯಿಂದ ಅವಳು ಮೈಲಿಗಲ್ಲಿನ ಹತ್ತಿರ ನಿಂತಿದ್ದಳು. ಹಾಗೆ ಒಬ್ಬಳೇ ರಸ್ತೆಯಲ್ಲಿ ನಿಂತು ಅಭ್ಯಾಸವಿಲ್ಲ. ಹೋಗುವವರು ಬರುವವರು ಒಂದು ಸಲ ನೋಡಿ, ದಾಟಿ, ತಿರುಗಿ ಇನ್ನೊಂದು ಸಲ ನೋಡುತ್ತಿದ್ದರು. ಬರದೇ ಇರಲಿ ಎಂದುಕೊಂಡಳು. ಮಗುವಿಗೆ ಸಣ್ಣಗೆ ಜ್ವರ ಬರಲಿ. ಚಕ್ರ ಪಂಚರಾಗಲಿ. ಇಷ್ಟೆಲ್ಲ ಬೇಡಿಕೊಳ್ಳುವವಳು ನಿನ್ನೆ ಒಂದೇ ಒಂದು ಮಾತು, ತಡೀರಿ ಎಂಬ ಮೂರಕ್ಷರ, ಆಡಿದ್ದರೆ ಮುಗಿಯುತ್ತಿತ್ತು. ಆ ಮೂರಕ್ಷರ ಈಗ ಎಷ್ಟು ಸುಲಭವಾಗಿ ಬರುತ್ತದೆ ನೋಡೋಣವೆಂದು ಮೆಲ್ಲಗೆ ಆಡಿಕೊಂಡಳು. ಬಂತು. ಬಂಡೆಗೆ ಕೇಳಿಸಿತು.

ಐದು ದಾಟಿದ ಮೇಲೆ ಕಪ್ಪು ಸೈಕಲ್ಲು ಕಾಣಿಸಿತು. ಹಿಂದೆ ಆರು ವರ್ಷದ ಹುಡುಗಿ, ಅಪ್ಪನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡು, ಕೆನ್ನೆಯನ್ನು ಅವರ ಬೆನ್ನಿಗೆ ಒತ್ತಿಕೊಂಡು. ಅವಳು ಮೈಲಿಗಲ್ಲು ಬಿಟ್ಟು ರಸ್ತೆಯ ನಡುವೆ ಬಂದು ನಿಂತಳು.

"ಏಯ್ ಏಯ್! ಏನಮ್ಮ ಇದು, ಮತ್ತೆ ನೀನಾ?" ಬ್ರೇಕು ಹಾಕಿ ಅವರು ಒಂದು ಕಾಲು ನೆಲಕ್ಕೆ ಊರಿದರು.

"ಮಗೂನ ಇಳಿಸಿ ಸಾರ್."

"ಏನಾಗಿದೆ ನಿನಗೆ?"

"ಇಳಿಸಿ. ಹೇಳ್ತೀನಿ, ಎಲ್ಲ ಹೇಳ್ತೀನಿ." ಹೇಳತೊಡಗಿದ ಮೇಲೆ ಅದು ತಾನಾಗಿ ಬಂತು, ಸುತ್ತಿದ ದಾರ ಎಳೆದ ಹಾಗೆ. "ಅಪ್ಪನ ಬೆರಳಿಗೆ ಏನೂ ತಿಳಿಯಲ್ಲ. ಎರಡು ವರ್ಷ ಆಯ್ತು. ಬಿಚ್ಚೋದು, ಜೋಡಿಸೋದು ಎಲ್ಲ ನಾನೇ. ಅಪ್ಪ ದಾರ ಎಳೆದು ಮುಚ್ಚೋದು ಮಾತ್ರ. ನಿನ್ನೆ ದಾರದ ಜೊತೆ ಸ್ಪ್ರಿಂಗ್ ಹೊರಗೆ ಬಂದುಬಿಡ್ತು. ಅವನಿಗೆ ತಿಳೀಲಿಲ್ಲ. ನಾನು ನೋಡಿದೆ." ಹಲ್ಲಿನಿಂದ ವೇಲಿನ ಗಂಟು ಬಿಚ್ಚಿ ಅಂಗೈ ಚಾಚಿದಳು.

ಅವರು ಬಗ್ಗಿ ನೋಡಿದರು. "ಇಂಥದ್ದು ನಿಮ್ಮಂಗಡಿ ನೆಲದ ಮೇಲೆ ಸಾವಿರ ಬಿದ್ದಿರ್ತಾವೆ."

"ನಾನು ನೋಡಿದೆ ಸಾರ್."

"ನೋಡಿದೆ. ಸರಿ. ನೋಡಿ ಏನು ಮಾಡಿದೆ?"

"ಸುಮ್ಮನಿದ್ದೆ."

"ಯಾಕೆ?"

ಅವಳು ಮೋರಿಯ ಕಡೆ ನೋಡಿದಳು. "ನೀವೆಲ್ಲ ನಗ್ತಿದ್ರಿ," ಅಂದಳು.

ಅವರು ಹ್ಯಾಂಡಲಿನಿಂದ ಒಂದು ಕೈ ತೆಗೆದು ಅವಳ ಕಡೆ ತಿರುಗಿದರು. ಆ ಮುಖದಲ್ಲಿ ನಗೆ ಇರಲಿಲ್ಲ; ಇಷ್ಟು ಹೊತ್ತು ನಗೆ ಇಲ್ಲದ ಆ ಮುಖವನ್ನು ಅವಳು ಮೊದಲ ಸಲ ನೋಡುತ್ತಿದ್ದಳು. "ನಾನು ಮಗಳನ್ನ ಹಿಂದೆ ಕೂರಿಸ್ಕೊಂಡು ಗುಡ್ಡ ಹತ್ತೀನಿ ಅಂತ ನಿನ್ನ ಎದುರಿಗೇ ಹೇಳಿದ್ದೆ. ಎರಡು ಸಲ ಹೇಳಿದ್ದೆ. ಅದನ್ನ ಕೇಳಿಸ್ಕೊಂಡು, ಕಣ್ಣಾರೆ ನೋಡಿ, ಮನುಷ್ಯರಾದವರು ಯಾರಾದ್ರೂ ಸುಮ್ಮನಿರ್ತಾರಾ? ಇಲ್ಲಮ್ಮ. ನೀನು ಅಷ್ಟು ಕೆಟ್ಟವಳಲ್ಲ." ಅವರು ತಲೆಯಾಡಿಸಿದರು. "ನಿನ್ನೆ ನಿಮ್ಮಪ್ಪ ಎಣ್ಣೆ ಒರೆಸ್ತಾಳೆ ಅಂದಿದ್ದು ನಿನಗೆ ಚುಚ್ಚಿದೆ. ತಪ್ಪೇ, ಅನ್ನಬಾರದಿತ್ತು. ಹಾಗಂತ ಕೈಯಾರೆ ಬೆಳೆಸಿದ ಅಪ್ಪನ ಹೆಸರಿಗೆ ಬೀದೀಲಿ ನಿಂತು ಮಸಿ ಬಳೀತಾರಾ?"

"ಸುಳ್ಳಲ್ಲ ಸಾರ್."

"ಪುಟ್ಟಿ, ಇಳಿ." ಅವರು ಮಗುವನ್ನು ಕಂಕುಳಿಗೆ ಕೈಕೊಟ್ಟು ಎತ್ತಿ ರಸ್ತೆಯಂಚಿಗೆ ಇಳಿಸಿದರು. "ಈ ಅಕ್ಕನ ಜೊತೆ ಇಲ್ಲೇ ನಿಂತಿರು. ಆ ತಿರುವಿನ ತನಕ ಎದ್ದು ನಿಂತು ತುಳಿದು ತೋರಿಸ್ತೀನಿ. ನೂರು ಕೇಜಿ ಮೈ ನಂದು. ಮೇಸ್ತ್ರಿ ಕೆಲಸ ಏನು ಅಂತ ಇವಳಿಗೂ ಗೊತ್ತಾಗ್ಲಿ."

ಅವಳು ಕ್ಯಾರಿಯರನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಬೇಡ ಸಾರ್, ಕಾಲಿಗೆ ಬೀಳ್ತೀನಿ, ಬೇಡ." ಅವರು ಒಂದೊಂದೇ ಬೆರಳನ್ನು ಬಿಡಿಸಿದರು, ಒರಟಾಗಿ ಅಲ್ಲ, ಔಷಧಿ ಕಟ್ಟಿಕೊಡುವವರ ನಾಜೂಕಿನಿಂದ. ಬಿಡಿಸುವಾಗ ಅವಳ ಬೆರಳ ತುದಿಗಳ ಗಟ್ಟಿ ಚರ್ಮ, ಉಗುರಿನ ಕೆಳಗೆ ಎಂದಿಗೂ ಹೋಗದ ಕಪ್ಪು, ಸಾಣೆಕಲ್ಲು ಕೊರೆದ ಗೀರುಗಳು ಅವರ ಕೈಗೆ ತಗುಲಿದವು. ಅವರು ಒಂದು ಕ್ಷಣ ತಡೆದರು. ಆಮೇಲೆ ಹೊರಟರು.

ಮೊದಲ ಹತ್ತು ಮಾರು ಸೀಟಿನ ಮೇಲೆ ಕೂತೇ ತುಳಿದರು. ಆಮೇಲೆ ಏರು ಕಡಿದಾಯಿತು. ಮೇಲೆ, ತಿರುವಿನ ಆಚೆ, ಲಾರಿಯೊಂದರ ಹಾರ್ನು ಕೇಳಿಸಿತು, ಇನ್ನೂ ದೂರ. ಅವರ ಬೆನ್ನು ಮುಂದಕ್ಕೆ ಬಾಗಿತು, ಮೈ ಸೀಟಿನಿಂದ ಮೇಲೆದ್ದಿತು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಸರಪಳಿ ಬಿಗಿದು ಕಿರುಗುಟ್ಟಿತು.

"ಅಕ್ಕ, ನಮ್ಮಪ್ಪ ಎಷ್ಟು ಜೋರು ನೋಡು!" ಮಗು ಅವಳ ಕೈ ಹಿಡಿದು ಕುಣಿಯಿತು.

ಅವಳು ಮಗುವನ್ನು ತನ್ನ ಕಡೆಗೆ ತಿರುಗಿಸಿ ಹೊಟ್ಟೆಗೆ ಒತ್ತಿಕೊಂಡಳು. ಒಂದು ಅಂಗೈಯನ್ನು ಆ ಪುಟ್ಟ ಕಣ್ಣುಗಳ ಮೇಲೆ ಗಟ್ಟಿಯಾಗಿ ಮುಚ್ಚಿದಳು. ಬಿಡು ಅಕ್ಕ, ಕಾಣಲ್ಲ, ಎಂದು ಅದು ಕೊಸರಾಡುತ್ತಿತ್ತು. ತಾನು ಮಾತ್ರ ರೆಪ್ಪೆ ಬಡಿಯದೆ ನೋಡುತ್ತ ನಿಂತಳು.